ಕಿಟಕಿಗೆ ರಬ್ಬರ್ ಪಟ್ಟಿ ಹಾಕಿಸಿದ ವರ್ಷ

ನನ್ನ ಹೆಂಡತಿಗೆ ನಿಂತು ರೊಟ್ಟಿ ಬಡಿಯುವಂಥ ಅಡಿಗೆಮನೆ ಬೇಕಾಗಿತ್ತು. ಮದುವೆಯಾಗಿ ಬಂದಾಗಿನಿಂದ ಅವಳು ನೆಲಕ್ಕೆ ಕೂತೇ ರೊಟ್ಟಿ ಬಡಿದವಳು. ಐವತ್ತು ಹತ್ತಿರ ಬಂದಂತೆ ಮೊಣಕಾಲು ಹಿಡಿಯತೊಡಗಿತು. ಕೂತವಳು ಏಳಬೇಕೆಂದರೆ ಒಂದು ಕೈಯಿಂದ ಗೋಡೆ, ಇನ್ನೊಂದು ಕೈಯಿಂದ ಸಿಲಿಂಡರಿನ ಕುತ್ತಿಗೆ ಹಿಡಿಯಬೇಕು. ಮಗಳ ಮದುವೆಯೊಂದು ಆಗಲಿ, ಆಮೇಲೆ ಅಡಿಗೆಮನೆ ನೋಡೋಣ ಎಂದು ನಾನು ವರ್ಷಗಟ್ಟಲೆ ಹೇಳುತ್ತ ಬಂದಿದ್ದೆ. ಮಗಳನ್ನು ಹೊಸರಿತ್ತಿಯ ಒಂದು ಒಕ್ಕಲುತನದ ಮನೆಗೆ ಕೊಟ್ಟೆವು. ಆಮೇಲೆ ನನ್ನ ಬಳಿ ನೆಪ ಉಳಿಯಲಿಲ್ಲ.

ಬ್ಯಾಡಗಿಯ ಮಾರುಕಟ್ಟೆಯ ಹಿಂದಿನ ಎರಡನೇ ಓಣಿಯಲ್ಲಿ ನಮ್ಮ ಮನೆ. ನಾನು ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದೆ. ರೈತರು ತಂದ ಮೆಣಸಿನಕಾಯಿಯ ಚೀಲಗಳನ್ನು ತೂಗಿಸಿ ಬರೆದುಕೊಳ್ಳುವುದು, ಟೆಂಡರಿನಲ್ಲಿ ದರ ನಿಗದಿಯಾದ ಮೇಲೆ ಅವರ ಕೈಗೆ ಚೀಟಿ ಕೊಡುವುದು ನನ್ನ ಕೆಲಸ. ಅಂಗಡಿಯಿಂದ ಮನೆಗೆ ಐದು ನಿಮಿಷದ ದಾರಿ. ಮಧ್ಯಾಹ್ನದ ಊಟಕ್ಕೆ ಮನೆಗೇ ಬರುತ್ತಿದ್ದೆ. ಆ ಜಾಗವನ್ನು ಹರೆಯದಲ್ಲಿ ಕೊಂಡವನು ನಾನೇ. ಪಾಯ ತೋಡುವಾಗ ಗುದ್ದಲಿ ಹಿಡಿದದ್ದೂ ನಾನೇ. ಊರಿನಲ್ಲಿ ನನ್ನದೆಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ.

ಆ ದೀಪಾವಳಿಗೆ ಮುಂಚೆ ಗೌಂಡಿ ಬಂದು ಅಡಿಗೆಮನೆಯ ನೆಲದ ಹಳೆಯ ಕಡಪಾ ಕಲ್ಲನ್ನು ಕಿತ್ತ. ಹೊಸ ಕಟ್ಟೆಗೆ ಗ್ರ್ಯಾನೈಟ್ ನೋಡಲು ನಾವಿಬ್ಬರೂ ರಾಣೆಬೆನ್ನೂರಿಗೆ ಹೋದೆವು. ಅಂಗಡಿಯವನು ಎಲ್ಲರೂ ಒಯ್ಯುವ ಕರಿ ಕಲ್ಲನ್ನೇ ತೋರಿಸಿದ. ಅವಳು ಒಳಗೆಲ್ಲ ತಿರುಗಾಡಿ, ಮೂಲೆಯಲ್ಲಿ ಒರಗಿಸಿದ್ದ ಒಂದು ಹಸಿರು ಕಲ್ಲಿನ ಮುಂದೆ ನಿಂತು, ಸೆರಗಿನಿಂದ ಧೂಳು ಒರೆಸಿ, ನನ್ನ ಕಡೆ ನೋಡಿದಳು. ಬೆಲೆ ಹೆಚ್ಚಿತ್ತು. ತಗೋ ಅಂದೆ. ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದಳು.

ಕಟ್ಟೆಯ ಎತ್ತರಕ್ಕಾಗಿ ಗೌಂಡಿಗೂ ಅವಳಿಗೂ ಜಗಳವೇ ಆಯಿತು. ಅವಳು ಗಿಡ್ಡ.

"ಎಲ್ಲಾರ ಮನ್ಯಾಗೂ ಇಷ್ಟ ಎತ್ತರ ಇರ್ತೈತ್ರಿ ಅಕ್ಕಾರ. ಇಳಿಸಿದ್ರ ಚಂದ ಕಾಣಂಗಿಲ್ಲ" ಎಂದ ಅವನು.

"ಚಂದ ನೋಡಾಕ ದಿನಾ ನೀ ಬರ್ತೀ ಏನಪಾ? ರೊಟ್ಟಿ ಬಡಿಯಾಕಿ ನಾನು. ನಾಲ್ಕ ಬೆರಳ ಇಳಸು."

ಅವನು ನನ್ನ ಮುಖ ನೋಡಿದ. "ಅಕಿ ಹೇಳಿದಂಗ ಮಾಡು" ಎಂದೆ. ಮೊದಲ ದಿನ ಹೊಸ ಕಟ್ಟೆಯ ಮುಂದೆ ನಿಂತು ಅವಳು ರೊಟ್ಟಿ ಬಡಿದ ಸಪ್ಪಳ ಪಡಸಾಲೆಗೆ ಕೇಳಿಸಿತು. ನೆಲದ ಮೇಲೆ ಬಡಿದಾಗಿನ ಸಪ್ಪಳಕ್ಕಿಂತ ಅದು ಬೇರೆಯಾಗಿತ್ತು. ನಾನು ಪೇಪರು ಮಡಚಿಟ್ಟು ಸುಮ್ಮನೆ ಕೇಳುತ್ತ ಕೂತಿದ್ದೆ.

ಅದೇ ಸುಗ್ಗಿಯಲ್ಲಿ ಕೆಮ್ಮು ಶುರುವಾಯಿತು.

ಬ್ಯಾಡಗಿಯಲ್ಲಿ ಕೆಮ್ಮನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಳಿಗಾಲ ಬಂತೆಂದರೆ ಲಾರಿಗಳು ಸಾಲು ಹಿಡಿಯುತ್ತವೆ; ಬಯಲಿಗೆಲ್ಲ ಕೆಂಪು ಹಾಸಿದಂತೆ ಮೆಣಸಿನಕಾಯಿ. ಹೊಸಬರು ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಸೀನುತ್ತಾರೆ, ನಾವು ನಗುತ್ತೇವೆ. ಸಾವಿರಾರು ಜನ ಆ ಘಾಟಿನಲ್ಲೇ ಹುಟ್ಟಿ, ದುಡಿದು, ಮುದುಕರಾಗಿದ್ದಾರೆ. ನಾನೂ ಅವರಲ್ಲೊಬ್ಬ. ಅವಳ ಎದೆಗೆ ಮಾತ್ರ ಯಾಕೋ ಅದು ಆಗಿಬರಲಿಲ್ಲ. ಇಷ್ಟು ವರ್ಷ ಇಲ್ಲದ್ದು ಈಗೇಕೆ ಬಂತು ಎಂದು ಆಮೇಲೆ ಎಷ್ಟೋ ಜನರನ್ನು ಕೇಳಿದೆ. ಯಾರೂ ಸರಿಯಾಗಿ ಹೇಳಲಿಲ್ಲ.

ಮೊದಮೊದಲು ಸೆರಗನ್ನು ಮೂಗಿಗೆ ಕಟ್ಟಿಕೊಂಡು ಅಂಗಳ ಗುಡಿಸುತ್ತಿದ್ದಳು. ಆಮೇಲೆ ಅಂಗಳ ಗುಡಿಸಿ ಬಂದು ಕಟ್ಟೆಗೆ ಎರಡೂ ಕೈ ಊರಿ ನಿಲ್ಲತೊಡಗಿದಳು. ಯುಗಾದಿ ಆದ ಮೇಲೆ ಹಾವೇರಿಗೆ ಕರೆದುಕೊಂಡು ಹೋದೆ. ಎದೆ ರೋಗದ ಡಾಕ್ಟರು ವಯಸ್ಸಾದವರು. ಅವಳ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಎಕ್ಸರೇ ತೆಗೆಸಿದರು. ಆಮೇಲೆ ಕೇಳಿದರು:

"ಮನಿ ಎಲ್ಲೈತ್ರಿ ನಿಮ್ದು?"

"ಬ್ಯಾಡಗ್ಯಾಗ್ರಿ. ಮಾರ್ಕೆಟ್ ಹಿಂದ" ಎಂದೆ.

ಅವರು ಪೆನ್ನು ಕೆಳಗಿಟ್ಟರು. "ನೋಡ್ರಿ, ಔಷಧ ನಾ ಬರದ ಕೊಡ್ತೇನಿ. ಆದ್ರ ಆ ಧೂಳಿನ್ಯಾಗ ಇಟ್ಟಕೊಂಡು ಎಷ್ಟ ಔಷಧ ಕೊಟ್ರೂ ಏನ ಉಪಯೋಗ? ಇವರಿಗೆ ಅದು ಆಗವಲ್ದು. ಮುಂದಿನ ಸುಗ್ಗಿ ಸುರು ಆಗೂದ್ರಾಗ ಮನಿ ಬದಲ ಮಾಡ್ರಿ. ಅಗದೀ ದೂರ ಬ್ಯಾಡ. ರಾಣೆಬೆನ್ನೂರ ಆದ್ರೂ ನಡೀತದ, ಹಾವೇರಿ ಆದ್ರೂ ನಡೀತದ."

"ವಿಚಾರ ಮಾಡ್ತೇನ್ರಿ ಸರ್" ಎಂದೆ. ಅವಳು ಔಷಧದ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗೆ ಇಟ್ಟುಕೊಂಡಳು. ಅವಳ ಮನಸ್ಸಿನಲ್ಲಿ ಏನಿದೆಯೆಂದು ನಾನು ಕೇಳಲಿಲ್ಲ.

ವಿಚಾರ ಮಾಡಿದೆ. ಅಂಗಡಿಯಲ್ಲಿ ಕೂತು ಮಾಡಿದೆ, ಸ್ನಾನ ಮಾಡುವಾಗ ಮಾಡಿದೆ. ಕೈಯಲ್ಲಿದ್ದದ್ದೆಲ್ಲ ಮಗಳ ಮದುವೆಗೂ ಅಡಿಗೆಮನೆಗೂ ಖರ್ಚಾಗಿತ್ತು. ಮನೆ ಮಾರಿದರೆ ಈಗಷ್ಟೇ ಕಲ್ಲಿಗೆ ಹಾಕಿದ ದುಡ್ಡು ತಿರುಗಿ ಬರುವುದಿಲ್ಲ. ಬಾಡಿಗೆಗೆ ಕೊಟ್ಟು ಹೋದರೆ ಇಲ್ಲಿ ಬರುವ ಬಾಡಿಗೆ ಅಲ್ಲಿ ಕೊಡುವ ಬಾಡಿಗೆಯ ಅರ್ಧಕ್ಕೂ ಸಾಲದು. ದಿನಾ ರಾಣೆಬೆನ್ನೂರಿನಿಂದ ಬಂದು ಹೋಗಬೇಕು. ಸುಗ್ಗಿಯಲ್ಲಿ ಅಂಗಡಿ ಬೆಳಗ್ಗೆ ಎಷ್ಟು ಹೊತ್ತಿಗೆ ತೆರೆಯುತ್ತದೆಯೋ, ಎಷ್ಟು ಹೊತ್ತಿಗೆ ಮುಚ್ಚುತ್ತದೆಯೋ. ಈ ಕಾರಣಗಳೆಲ್ಲ ಖರೇ ಇದ್ದವು. ಆದರೆ ಅವುಗಳ ಕೆಳಗೆ ಇನ್ನೊಂದು ಇತ್ತು, ಅದನ್ನು ಈಗ ಬರೆಯುತ್ತೇನೆ: ಇಳಿವಯಸ್ಸಿನಲ್ಲಿ ಬಾಡಿಗೆ ಮನೆಗೆ ಹೋಗುವುದು ನನಗೆ ಅವಮಾನವೆನ್ನಿಸಿತ್ತು. ಓಣಿಯವರು ಏನೆಂದಾರು ಎಂದು ಯೋಚಿಸಿದ್ದೆ.

ಆಗ ನನಗೊಂದು ಉಪಾಯ ಹೊಳೆಯಿತು. ಮನೆ ಬಿಡುವ ಬದಲು ಮನೆಯನ್ನೇ ಧೂಳು ಬಾರದಂತೆ ಮಾಡಿದರೆ?

ಸೊಸೈಟಿಯಲ್ಲಿ ಸಾಲ ತೆಗೆದು ಶ್ರಾವಣದಲ್ಲಿ ಕೆಲಸ ಶುರು ಮಾಡಿಸಿದೆ. ಕಟ್ಟಿಗೆಯ ಹಳೆ ಕಿಟಕಿಗಳನ್ನು ತೆಗೆಸಿ ಅಲ್ಯುಮಿನಿಯಂ ಚೌಕಟ್ಟಿನ ಗಾಜಿನ ಕಿಟಕಿ ಕೂಡಿಸಿದೆ. ಸುತ್ತಲೂ ರಬ್ಬರ್ ಪಟ್ಟಿ. ಗೋಡೆಯ ಮೇಲ್ಭಾಗದಲ್ಲಿದ್ದ ಗಾಳಿಕಿಂಡಿಗಳನ್ನು ಸಿಮೆಂಟು ಹಾಕಿ ಮುಚ್ಚಿಸಿದೆ. ಮುಂಬಾಗಿಲ ಕೆಳಗೆ ಬ್ರಷ್ಷಿನಂಥ ಪಟ್ಟಿ. ಹಿತ್ತಲಲ್ಲಿ ನನಗೆಂದೇ ಒಂದು ಬಚ್ಚಲು ಕಟ್ಟಿಸಿದೆ. ಅಂಗಡಿಯಿಂದ ಬಂದವನು ಅಲ್ಲೇ ಬಟ್ಟೆ ಬಿಚ್ಚಿ, ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು. ಹುಬ್ಬಳ್ಳಿಯಿಂದ ಗಾಳಿ ಶುದ್ಧ ಮಾಡುವ ಒಂದು ಯಂತ್ರ ತರಿಸಿದೆ. ಪ್ರತಿಯೊಂದು ಸಾಮಾನು ಬಂದಾಗಲೂ ಅವಳನ್ನು ಕರೆದು ತೋರಿಸುತ್ತಿದ್ದೆ.

ಕಿಟಕಿಯ ಅಳತೆ ತೆಗೆದ ದಿನ ನನಗೆ ಚೆನ್ನಾಗಿ ನೆನಪಿದೆ. ಅವಳು ಬೆಳಗ್ಗೆ ರಾಣೆಬೆನ್ನೂರಿನ ತಂಗಿಯ ಮನೆಗೆಂದು ರೈಲಿಗೆ ಹೋಗಿದ್ದಳು. ಸಂಜೆ ಅವಳು ಬಂದು ಚಪ್ಪಲಿ ಬಿಡುವುದಕ್ಕೂ ಪುರುಸೊತ್ತು ಕೊಡದೆ, ಅಳತೆಯ ಚೀಟಿ ಹಿಡಿದು ಎದುರಿಗೆ ಹೋದೆ.

"ನೋಡಿಲ್ಲೆ, ಒಂದ ಕಣ ಧೂಳ ಸೈತ ಒಳಗ ಬರಂಗಿಲ್ಲ."

ಅವಳು ಚೀಟಿ ನೋಡಿದಳು. ಗೋಡೆ ನೋಡಿದಳು. "ಗಾಳಿ ಎಲ್ಲಿಂದ ಬರ್ತದ್ರಿ?" ಎಂದಳು.

"ಅದಕ್ಕ ಫ್ಯಾನ್ ಐತಲ್ಲ. ಮಷೀನೂ ಬರ್ತೈತಿ."

"ಹೂಂ" ಎಂದು ಒಳಗೆ ಹೋಗಿ ಚಹಕ್ಕೆ ಇಟ್ಟಳು.

ಮಳೆಗಾಲದಲ್ಲಿ ಕೆಮ್ಮು ಕಡಿಮೆಯಾಯಿತು. ಮಾರುಕಟ್ಟೆಯಲ್ಲಿ ಮಾಲೇ ಇಲ್ಲದ ಕಾಲ ಅದು, ಕಡಿಮೆಯಾಗಲೇಬೇಕಿತ್ತು. ನಾನು ಮಾತ್ರ ಅದನ್ನು ನನ್ನ ಕಿಟಕಿಗಳ ಪುಣ್ಯವೆಂದು ತಿಳಿದೆ. ಅಂಗಡಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಇಬ್ಬರು ಬಂದು ರಬ್ಬರ್ ಪಟ್ಟಿಯನ್ನು ಒತ್ತಿ ನೋಡಿಕೊಂಡೂ ಹೋದರು.

ಮತ್ತೆ ಸುಗ್ಗಿ ಬಂತು. ಸೋಮವಾರ, ಗುರುವಾರದ ಮಾರುಕಟ್ಟೆಗೆ ಹಿಂದಿನ ದಿನವೇ ಚೀಲಗಳು ಬಂದು ಬೀಳುತ್ತಿದ್ದವು. ಮುಚ್ಚಿದ ಮನೆಯೊಳಗೆ ಅವಳು ಮತ್ತೆ ಕೆಮ್ಮತೊಡಗಿದಳು. ಧೂಳನ್ನು ಬಟ್ಟೆಯಲ್ಲಿ ತರುವವನು ನಾನೇ ಎಂದು ದಿನಕ್ಕೆ ಎರಡು ಸಲ ತಲೆ ತೊಳೆದುಕೊಂಡೆ. ಹಪ್ಪಳ ಕರಿಯುವುದು ನಿಂತಿತು. ಒಗ್ಗರಣೆ ಹಾಕುವುದು ನಿಂತಿತು. ಖಾರ ಕುಟ್ಟುವುದಂತೂ ಮೊದಲೇ ನಿಂತಿತ್ತು. ಸಂಕ್ರಾಂತಿಯ ಹೊತ್ತಿಗೆ ಅವಳು ಹಿಟ್ಟು ನಾದುವಷ್ಟು ಹೊತ್ತು ನಿಲ್ಲಲಾರದವಳಾದಳು. ರೊಟ್ಟಿ ಬಡಿಯಲು ನಾನೇ ನಿಂತೆ. ಅವಳು ಅಡಿಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು, "ನೀರ ಭಾಳ ಆತು", "ತಿರುಗಿಸ್ರಿ, ಹರೀತೈತಿ" ಎನ್ನುತ್ತಿದ್ದಳು. ಅವಳಿಗಾಗಿ ನಾಲ್ಕು ಬೆರಳು ತಗ್ಗಿಸಿದ್ದ ಕಟ್ಟೆಯ ಮುಂದೆ ಬಾಗಿ ಬಾಗಿ ನನ್ನ ಸೊಂಟ ನೋಯುತ್ತಿತ್ತು. ನನ್ನ ಕೈಯಲ್ಲಿ ರೊಟ್ಟಿ ಎಂದೂ ದುಂಡಗಾಗಲಿಲ್ಲ. ಆದರೂ ತಿಂದಳು.

ಮಗಳು ಹೊಸರಿತ್ತಿಯಿಂದ ಎಳ್ಳು ಬೆಲ್ಲ ತೆಗೆದುಕೊಂಡು ಬಂದಳು. ಒಳಗೆ ಬಂದವಳೇ ಮೂಗು ಹಿಡಿದು, ಮನೆಯ ಕಿಟಕಿಗಳನ್ನೆಲ್ಲ ನೋಡಿದಳು. ಅವ್ವ ಮಲಗಿದ್ದದ್ದನ್ನು ನೋಡಿದಳು. ನನ್ನನ್ನು ಹಿತ್ತಲಿಗೆ ಕರೆದಳು.

"ಅಪ್ಪಾ, ಡಾಕ್ಟರ ಏನ ಹೇಳಿದ್ರು? ಊರ ಬಿಡ್ರಿ ಅಂದಿದ್ರಿಲ್ಲೋ?"

"ಅದಕ್ಕ ಇಷ್ಟೆಲ್ಲಾ ಮಾಡಿಸೇನಲ್ಲ" ಎಂದೆ.

"ನೀ ಮನಿ ಉಳಸಾಕತ್ತೀಯೋ, ಅವ್ವನ್ನ ಉಳಸಾಕತ್ತೀಯೋ?"

ಮಗಳು ನನಗೆ ಎದುರು ಮಾತಾಡಿದ್ದು ಅದೇ ಮೊದಲು. ನನಗೆ ಸಿಟ್ಟು ಬಂತು. "ಕೊಟ್ಟ ಮನ್ಯಾಗ ಇದ್ಕೊಂಡು ನನಗ ಬುದ್ಧಿ ಹೇಳಾಕ ಬರಬ್ಯಾಡ" ಅಂದುಬಿಟ್ಟೆ. ಅವಳ ಕಣ್ಣಲ್ಲಿ ನೀರು ಬಂತು. ಒಳಗಿನಿಂದ ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು. ಗೋಡೆ ಹಿಡಿದು ಬಾಗಿಲ ತನಕ ಬಂದು ನಿಂತಳು.

"ಯಾಕವಾ, ಅಪ್ಪಗ ಯಾಕ ಅಂತೀ? ನನಗ ಇಲ್ಲೇ ಚಲೋ ಐತಿ" ಎಂದಳು. ಅಷ್ಟು ಹೇಳಲು ನಡುವೆ ಎರಡು ಸಲ ಉಸಿರು ತೆಗೆದುಕೊಂಡಳು.

ಅವಳು ಹಾಗೆ ಹೇಳಿದಳೆಂದು ನಾನು ಗೆದ್ದವನ ಹಾಗೆ ಮಗಳ ಮುಖ ನೋಡಿದೆ. ಆ ನೋಟ ನೆನಪಾದಾಗೆಲ್ಲ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಅದಾಗಿ ಒಂದು ತಿಂಗಳಿಗೆ, ಒಂದು ಬೆಳಗ್ಗೆ ಅವಳು ಕನ್ನಡಿಯ ಮುಂದೆ ಬಾಚಣಿಗೆ ಹಿಡಿದು ಕೂತಿದ್ದಳು. ನಾನು ಅಂಗಡಿಗೆ ಹೊರಟಿದ್ದೆ. "ಏನ್ರಿ, ಒಂದೀಟ ಹೆರಳ ಹಾಕ್ತೀರೇನು? ಕೈ ಎತ್ತಿದ್ರ ದಮ್ಮ ಹತ್ತತದ" ಎಂದಳು. ಹೆರಳು ಹಾಕಲು ನನಗೆ ಬರುತ್ತಿರಲಿಲ್ಲ. ಮೂರೆಳೆ ಹಿಡಿದೆ, ಒಂದು ಜಾರಿತು. ಅವಳ ತುಟಿಗಳು ನೀಲಿಯಾಗಿದ್ದವು. ಬಾಚಣಿಗೆ ಬಿಟ್ಟು, ಆಟೋ ಕರೆದು, ಹಾವೇರಿಗೆ ಹೋದೆ.

ಅದೇ ಡಾಕ್ಟರು. ಈ ಸಲ ಸ್ಕ್ಯಾನು. ಚಿತ್ರಗಳನ್ನು ಬೆಳಕಿಗೆ ಹಿಡಿದು, ಅವಳನ್ನು ಹೊರಗೆ ಕೂರಿಸಿ, ನನ್ನೊಬ್ಬನನ್ನೇ ಒಳಗೆ ಕರೆದರು. ಬೈಯಬಹುದೆಂದುಕೊಂಡಿದ್ದೆ. ಬೈಯಲಿಲ್ಲ.

"ಶ್ವಾಸಕೋಶ, ಸ್ಪಂಜ್ ಇದ್ದಂಗ ಇರಬೇಕಾದ್ದು ಚರ್ಮದಂಗ ಗಟ್ಟಿ ಆಗೇತ್ರಿ. ಇನ್ನ ಅದು ಹಿಂದಕ್ಕ ಬರಂಗಿಲ್ಲ. ಮನ್ಯಾಗ ಆಕ್ಸಿಜನ್ ಮಷೀನ್ ಇಟ್ಟಕೋಬೇಕು. ಇನ್ನಾರ ಊರ ಬಿಡ್ರಿ."

"ಅವಾಗ ಬಿಟ್ಟಿದ್ರ ಉಳೀತಿತ್ತೇನ್ರಿ ಸರ್?" ಎಂದು ಕೇಳಿದೆ.

ಅವರು ಚಿತ್ರಗಳನ್ನು ಲಕೋಟೆಯೊಳಗೆ ಸೇರಿಸಿದರು. "ಅದನ್ನ ಹೇಳಾಕ ಬರಂಗಿಲ್ರಿ" ಎಂದರು.

ಈ ಮಾತಿಗೆ ನಾನು ಎಷ್ಟೋ ಸಲ ಮರಳಿದ್ದೇನೆ. ಕೆಲವು ದಿನ ಅದು ನನ್ನನ್ನು ಕಾಯುತ್ತದೆ. ಕೆಲವು ದಿನ ಅದಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ಬರುವಾಗ ಆಟೋದಲ್ಲಿ ಅವಳು ತನ್ನ ಫೋನು ತೆಗೆದು ಒಂದು ನಂಬರು ತೋರಿಸಿದಳು. "ರಾಣೆಬೆನ್ನೂರಾಗ ಒಂದ ಮನಿ ಐತಿ. ಖಾಲಿ ಐತೇನ ಕೇಳ್ರಿ." ತಂಗಿ ಕೊಟ್ಟಿರಬೇಕೆಂದು ನಾನು ಹೆಚ್ಚು ಕೇಳಲಿಲ್ಲ. ಫೋನು ಮಾಡಿದೆ. ಅದೃಷ್ಟಕ್ಕೆ ಇದ್ದವರು ಹಿಂದಿನ ವಾರವಷ್ಟೇ ಬಿಟ್ಟುಹೋಗಿದ್ದರು. ನಾಲ್ಕು ದಿನಗಳಲ್ಲಿ ಸಾಮಾನು ಕಟ್ಟಿ ಹೊರಟೆವು. ಟೆಂಪೋ ಓಣಿ ದಾಟುವಾಗ ಅವಳು ಹಿಂತಿರುಗಿ ಮನೆ ನೋಡುತ್ತಾಳೆಂದು ನಾನು ಅಂದುಕೊಂಡಿದ್ದೆ. ಅವಳು ಮುಂದೆಯೇ ನೋಡುತ್ತಿದ್ದಳು. ಮೋಟೆಬೆನ್ನೂರು ದಾಟಿ ಹೆದ್ದಾರಿಗೆ ಹತ್ತಿದ ಮೇಲೆ ಡ್ರೈವರನಿಗೆ ಗಾಜು ಇಳಿಸಲು ಹೇಳಿದಳು.

ರಾಣೆಬೆನ್ನೂರಿನ ಮನೆ ಎರಡು ಕೋಣೆಯದು. ಮುಂದೆ ಒಂದು ಬೇವಿನ ಮರ, ಮೂರು ಕಡೆ ಕಿಟಕಿ. ಮನೆಯ ಯಜಮಾನತಿ ಪಕ್ಕದಲ್ಲೇ ಇದ್ದರು, ವಿಧವೆ, ನನ್ನ ವಾರಿಗೆಯವರು. ಮೂರನೆಯ ದಿನ ಮಧ್ಯಾಹ್ನ ಒಂದು ಬಟ್ಟಲಲ್ಲಿ ಬದನೆಕಾಯಿ ಪಲ್ಯ ತಂದರು. ಹೆಂಡತಿ ಒಳಗೆ ಮಲಗಿದ್ದಳು. ಆಕ್ಸಿಜನ್ ಯಂತ್ರ ಗುಂಯ್ ಎನ್ನುತ್ತಿತ್ತು. ಅವರು ಬಾಗಿಲಿಂದಲೇ ಅವಳನ್ನು ನೋಡಿ, ದನಿ ಇಳಿಸಿ ಹೇಳಿದರು:

"ಏನ್ರಿ ಅಣ್ಣಾರ, ಇಷ್ಟ ಇಳದ್ಹೋಗ್ಯಾರಲ್ರಿ? ಶ್ರಾವಣದಾಗ ಬಂದಾಗ ಸ್ಟೇಷನ್ನಿನಿಂದ ತಾವ ನಡಕೊಂಡ ಬಂದಿದ್ರು."

"ಯಾರ್ರಿ?" ಎಂದೆ.

"ಇವರ. ಮನಿ ನೋಡಾಕ. ಒಬ್ಬಾಕೇ ಬಂದಿದ್ರು. ಕಿಟಕಿ ಎಲ್ಲಾ ತಗದ ನೋಡಿದ್ರು, ಗಾಳಿ ಯಾ ದಿಕ್ಕಿನಿಂದ ಬರ್ತದ ಅಂತ ಕೇಳಿದ್ರು. ಅಡಗಿ ಕಟ್ಟಿ ತಗ್ಗಿಸಾಕ ಬರ್ತದೇನ್ರಿ ಅಂದ್ರು. ಮುಂಗಡ ಅಂತ ಐನೂರ ರೂಪಾಯಿ ಕೊಟ್ಟ ಹೋಗಿದ್ರು. ನಮ್ಮ ಮನಿಯವರಿಗೆ ಹೇಳಿ ಕರಕೊಂಡ ಬರ್ತೇನಿ ಅಂದಿದ್ರು. ಮತ್ತ ಎರಡ ದಿನಕ್ಕ ಫೋನ್ ಮಾಡಿ, ಬ್ಯಾಡ್ರಿ ಅಕ್ಕಾರ, ನಮ್ಮ ಮನಿಯವರು ಮನೀನ ರಿಪೇರಿ ಮಾಡಸಾಕತ್ತಾರ ಅಂದ್ರು. ರೊಕ್ಕಾನೂ ತಿರಗಿ ಕೇಳಲಿಲ್ಲ. ನಾ ಹಂಗ ತಗದ ಇಟ್ಟೇನ್ರಿ."

ಅವರು ಹೋದ ಮೇಲೆ ಬಟ್ಟಲು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಅವಳು ತಂಗಿಯ ಮನೆಗೆ ಹೋಗಿದ್ದಳೆಂದು ನಾನು ನಂಬಿದ್ದ ದಿನ ಅದು. ಮನೆ ಗೊತ್ತು ಮಾಡಿ, ಮುಂಗಡ ಕೊಟ್ಟು, ಗಂಡನಿಗೆ ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದವಳಿಗೆ, ಚಪ್ಪಲಿ ಬಿಡುವ ಮೊದಲೇ ನಾನು ಕಿಟಕಿಯ ಅಳತೆ ತೋರಿಸಿದ್ದೆ.

ಕೇಳಬಾರದೆಂದುಕೊಂಡೆ. ತಡೆಯಲಾಗಲಿಲ್ಲ. ಅವಳು ಎದ್ದು ದಿಂಬಿಗೆ ಒರಗಿ ಕೂತಾಗ ಕೇಳಿಯೇಬಿಟ್ಟೆ.

"ಈ ಮನಿ ನೀ ಮೊದಲ ನೋಡಿದ್ದಿಯೇನು?"

ಅವಳು ಮೂಗಿನ ನಳಿಗೆಯನ್ನು ಸರಿಮಾಡಿಕೊಂಡಳು. "ಅಕ್ಕಾರು ಹೇಳಿದ್ರ?"

"ನನಗ ಯಾಕ ಹೇಳಲಿಲ್ಲ?"

"ಹೇಳಬೇಕಂತನ ಬಂದಿದ್ದೆ. ನೀವ ಅಳತಿ ಚೀಟಿ ಹಿಡಕೊಂಡ ಓಡಿ ಬಂದ್ರಿ. ಸಣ್ಣ ಹುಡುಗರ ಬಂದಂಗ. ನನ್ನ ಸಲುವಾಗಿ ಏನೋ ಮಾಡಾಕತ್ತಾರ ಅನಸ್ತು. ಬ್ಯಾಡ ಅನ್ನಾಕ ಬಾಯಿ ಬರಲಿಲ್ರಿ."

ಅವಳು ಉಸಿರು ತೆಗೆದುಕೊಂಡು, ಇನ್ನೊಂದು ಮಾತು ಹೇಳಿದಳು. ಅದರಲ್ಲಿ ಸಿಟ್ಟಿರಲಿಲ್ಲ.

"ಕಲ್ಲ ಯಾವ ಬಣ್ಣದ್ದ ಬೇಕು ಅಂತ ಕೇಳಿದ್ರಿ. ಕಟ್ಟಿ ಎಷ್ಟ ಎತ್ತರ ಬೇಕು ಅಂತ ಕೇಳಿದ್ರಿ. ಎಲ್ಲಿ ಇರ್ತೀ ಅಂತ ಮಾತ್ರ ಕೇಳಲಿಲ್ಲ ನೋಡ್ರಿ."

ಆಮೇಲೆ ನಾನು ಅತ್ತದ್ದನ್ನು ಅವಳು ಸುಮ್ಮನೆ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, "ಪಲ್ಯಾ ಆರತದ. ಬಡಸ್ರಿ" ಎಂದಳು.

ಆ ಮನೆಯಲ್ಲಿ ಅವಳು ಏಳು ತಿಂಗಳು ಬದುಕಿದಳು. ಮೊದಲ ತಿಂಗಳು ನಾನು ದಿನಾ ಬ್ಯಾಡಗಿಗೆ ಹೋಗಿ ಬಂದೆ. ಎರಡನೆಯ ತಿಂಗಳು ಮಾಲೀಕರ ಕೈಗೆ ಅಂಗಡಿಯ ಕೀಲಿಕೈ ಕೊಟ್ಟು, ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಯಲ್ಲಿ ಅರ್ಧ ದಿನದ ಕೆಲಸ ಹಿಡಿದೆ. ಸಂಬಳ ಅರ್ಧಕ್ಕಿಂತ ಕಡಿಮೆ. ವರ್ಷದ ಹಿಂದೆ ಇದನ್ನು ಆಗಲಾರದ ಕೆಲಸವೆಂದುಕೊಂಡಿದ್ದವನು ನಾನು. ಮಾಡಲು ಒಂದು ಮಧ್ಯಾಹ್ನ ಸಾಕಾಯಿತು.

ಆ ತಿಂಗಳುಗಳಲ್ಲಿ ಮನೆಯ ಸಣ್ಣ ದೊಡ್ಡ ತೀರ್ಮಾನಗಳೆಲ್ಲ ಅವಳವೇ. ಮಂಚ ಯಾವ ಕಿಟಕಿಯ ಕೆಳಗೆ, ನೀರಿನ ಡ್ರಮ್ಮು ಎಲ್ಲಿ, ಕಸದವರಿಗೆ ಹಬ್ಬಕ್ಕೆ ಎಷ್ಟು. ಇನ್ವರ್ಟರಿನ ವಿಷಯಕ್ಕೆ ಮಾತ್ರ ಜಗಳ ಆಯಿತು. ಕರೆಂಟು ಹೋದರೆ ಯಂತ್ರ ನಿಲ್ಲುತ್ತಿತ್ತು; ಪಕ್ಕಕ್ಕಿಟ್ಟ ಆಕ್ಸಿಜನ್ ಸಿಲಿಂಡರಿಗೆ ನಳಿಗೆ ಬದಲಿಸುವಷ್ಟರಲ್ಲಿ ಅವಳ ಕಣ್ಣು ಮೇಲಾಗುತ್ತಿದ್ದವು. ದೊಡ್ಡ ಬ್ಯಾಟರಿಯ ಇನ್ವರ್ಟರ್ ತರುತ್ತೇನೆಂದೆ.

"ಬ್ಯಾಡ್ರಿ. ಅಷ್ಟ ರೊಕ್ಕಾ ಹಾಕಿ, ಎಷ್ಟ ದಿನಕ್ಕಂತ?"

"ಹತ್ತ ವರ್ಷ ಬಾಳಿಕಿ ಬರ್ತದಂತ" ಎಂದೆ. ಅಂಗಡಿಯವನು ಹಾಗೆಂದಿದ್ದ.

ಅವಳು ನನ್ನನ್ನು ನೋಡಿ ನಕ್ಕಳು. ನಕ್ಕರೆ ಕೆಮ್ಮು ಬರುತ್ತಿತ್ತು, ಬಂತು. ಇನ್ವರ್ಟರು ತಂದೆ.

ಬ್ಯಾಡಗಿಯ ಮನೆ ಮಾರಿಬಿಡಿ ಎಂದವಳೂ ಅವಳೇ. ಖಾನಾವಳಿ ನಡೆಸುವ ಗಂಡ ಹೆಂಡತಿ ಕೊಳ್ಳಲು ಬಂದರು. ಆ ಹೆಣ್ಣುಮಗಳಿಗೆ ಹಸಿರು ಕಲ್ಲು ಬಹಳ ಹಿಡಿಸಿತು. ಆದರೆ ಅವಳು ಎತ್ತರದ ಆಳು. ಕಟ್ಟೆ ಏರಿಸಬೇಕಾಗುತ್ತದೆ ಎಂದಳು. ಇದನ್ನು ಮನೆಗೆ ಬಂದು ಹೇಳಲು ಹಿಂಜರಿದೆ. ಹೇಳಿದಾಗ ಹೆಂಡತಿ, "ಎತ್ತರ ಇದ್ದಾಕಿಗೆ ಎತ್ತರ ಬೇಕಲ್ರಿ. ಏರಸ್ಲಿ. ಹಿತ್ತಲದ ನಳ ಎರಡ ಸಲ ತಿರುವಿದ್ರ ಬಂದ್ ಆಗತದ ಅಂತ ಹೇಳ್ರಿ ಅಕಿಗೆ, ಇಲ್ಲಾಂದ್ರ ನೀರ ಸೋರತದ" ಎಂದಳು. ಖರೀದಿಯ ದಿನ ನಾನು ಅದನ್ನು ಮರೆಯದೆ ಹೇಳಿದೆ. ಮನೆ ಕೈಬಿಟ್ಟು ಹೋಗುವಾಗ ಏನಾದರೂ ಅನ್ನಿಸಬಹುದೆಂದು ಕಾದೆ. ಏನೂ ಅನ್ನಿಸಲಿಲ್ಲ. ಬೇಗ ರಾಣೆಬೆನ್ನೂರು ಮುಟ್ಟಬೇಕೆಂದಷ್ಟೇ ಇತ್ತು.

ಗಣಪತಿ ಹಬ್ಬ ಮುಗಿದ ವಾರ ಮಗಳು ಬಂದು ಉಳಿದಳು. ಹಿತ್ತಲಲ್ಲಿ ಆಡಿದ ಮಾತಿಗೆ ನಾನು ಅವಳ ಬಳಿ ಕ್ಷಮೆ ಕೇಳಿದ್ದು ಆಗಲೇ. "ಹೋಗ್ಲಿ ಬಿಡಪಾ" ಎಂದಳು. ಹೋಗಿರಲಿಲ್ಲ, ನನಗೆ ಗೊತ್ತಿತ್ತು. ಒಂದು ಬೆಳಗ್ಗೆ ಅವಳು ಅವ್ವನಿಗೆ ಮುಖ ಒರೆಸಿ ಹೆರಳು ಹಾಕಿದಳು. ಹೆಂಡತಿ ಕಿಟಕಿ ಪೂರಾ ತೆಗೆಯಲು ಹೇಳಿದಳು. ಬೇವಿನ ಮರದಲ್ಲಿ ಗಾಳಿ ಇತ್ತು. ನನಗೆ, "ಅಂಗಡಿಗೆ ಹೊತ್ತಾತು, ಹೋಗ್ರಿ" ಎಂದಳು. "ಇವತ್ತ ಹೋಗಂಗಿಲ್ಲ" ಎಂದು ಪಕ್ಕದಲ್ಲೇ ಕೂತೆ. ಹನ್ನೊಂದರ ಸುಮಾರಿಗೆ ಅವಳ ಕೈ ನನ್ನ ಕೈಯಲ್ಲಿ ಸಡಿಲವಾಯಿತು. ಯಂತ್ರ ಓಡುತ್ತಲೇ ಇತ್ತು. ಮಗಳು ಎದ್ದು ಅದನ್ನು ಬಂದ್ ಮಾಡಿದಳು.

ಮುಂದಿನ ತಿಂಗಳು ಕರೆಂಟ್ ಬಿಲ್ಲು ಕೊಡಲು ಬಂದವನು ಮೀಟರು ಎರಡು ಸಲ ನೋಡಿದ. "ಈ ಸಲ ಭಾಳ ಕಡಿಮಿ ಬಂದೈತ್ರಿ. ಊರಾಗ ಇರಲಿಲ್ಲೇನು?" ಎಂದ. ಇದ್ದೆ ಎಂದೆ. ಅವನ ತಪ್ಪೇನೂ ಇರಲಿಲ್ಲ. ಬಾಗಿಲು ಹಾಕಿಕೊಂಡು ಒಳಗೆ ಬಂದು, ಆ ಚೀಟಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತೆ. ಅವಳ ಉಸಿರಿಗೆ ಎಷ್ಟು ಖರ್ಚಾಗುತ್ತಿತ್ತೆಂಬುದು ಅಷ್ಟು ಸ್ಪಷ್ಟವಾಗಿ ಅದರಲ್ಲಿ ಬರೆದಿತ್ತು.

ಮಗಳು ಹೊಸರಿತ್ತಿಗೆ ಬಾ ಎಂದು ಕರೆಯುತ್ತಾಳೆ. ಅಳಿಯನೂ ಕರೆಯುತ್ತಾನೆ. ಹೋಗಿ ನಾಲ್ಕು ದಿನ ಇದ್ದು ಬರುತ್ತೇನೆ. ಅಲ್ಲಿ ಯಾರೂ ಏನೂ ಅನ್ನುವುದಿಲ್ಲ. ಆದರೂ ಐದನೆಯ ದಿನಕ್ಕೆ ಇಲ್ಲಿಗೇ ಬರಬೇಕೆನ್ನಿಸುತ್ತದೆ. ಒಬ್ಬನೇ ಮನುಷ್ಯನಿಗೆ ಎರಡು ಕೋಣೆ ಯಾಕೆ, ಒಂದು ಕೋಣೆಯ ಮನೆ ಹಿಡಿಯಬಾರದೇ ಎಂದು ಬೀಜದ ಅಂಗಡಿಯವರು ಕೇಳುತ್ತಾರೆ. ಸರಿಯಾದ ಮಾತೇ. ಲೆಕ್ಕ ಹಾಕಿ ನೋಡಿದರೆ ಅದೇ ಸರಿ. ಅವಳು ತಾನಾಗಿ ಹುಡುಕಿ, ನೋಡಿ, ಒಪ್ಪಿಕೊಂಡ ಮನೆ ಇದೊಂದೇ. ಅದನ್ನು ಅವರಿಗೆ ಹೇಗೆ ಹೇಳುವುದು?

ಸಂಕ್ರಾಂತಿ ಕಳೆದ ಮೇಲೆ ಹನ್ನೊಂದು ತಿಂಗಳ ಬಾಡಿಗೆ ಕರಾರು ಮುಗಿಯಿತು. ಹೊಸದು ಬರೆಸಲು ಯಜಮಾನತಿಯವರೂ ನಾನೂ ತಹಶೀಲ್ದಾರ ಕಚೇರಿಯ ಎದುರಿನ ಬಾಂಡ್ ಬರೆಯುವವನ ಬಳಿ ಹೋದೆವು. ಅವನು ಹಳೆಯ ಕಾಗದ ನೋಡಿ ಹೊಸದನ್ನು ಟೈಪು ಮಾಡುತ್ತಿದ್ದ. ತಲೆ ಎತ್ತದೆ ಕೇಳಿದ:

"ಮನ್ಯಾಗ ಎಷ್ಟ ಮಂದಿ ಇರ್ತೀರ್ರಿ? ಇಬ್ಬರು ಅಂತ ಐತಿ ಇದರಾಗ. ಹಂಗ ಬಿಡಲೇನು?"

ಯಜಮಾನತಿಯವರು ನನ್ನ ಕಡೆ ನೋಡಿದರು. ನನಗಾಗಿ ತಾವೇ ಉತ್ತರ ಕೊಡಲು ಬಾಯಿ ತೆರೆದರು. ನಾನು ಕೈ ಅಡ್ಡ ಮಾಡಿದೆ. ಇದನ್ನು ನಾನೇ ಹೇಳಬೇಕಾಗಿತ್ತು.

"ಒಬ್ಬ ಅಂತ ಬರೀರಿ" ಎಂದೆ.

ಅವನು ಅಕ್ಷರ ಅಳಿಸಿ ಬರೆದ. ಪ್ರಿಂಟು ಬಂತು. ಇಬ್ಬರೂ ಸಹಿ ಮಾಡಿದೆವು. ಯಜಮಾನತಿಯವರನ್ನು ಆಟೋಕ್ಕೆ ಹತ್ತಿಸಿ, ನಾನು ಬಿಸಿಲಲ್ಲಿ ನಡೆದುಕೊಂಡೇ ಅಂಗಡಿಗೆ ಹೋದೆ. ಬೇಸಿಗೆ ಸೌತೆಯ ಬೀಜದ ಪೊಟ್ಟಣಗಳು ಬಂದು ಬಿದ್ದಿದ್ದವು. ಸಂಜೆಯವರೆಗೆ ಅವನ್ನು ಎಣಿಸಿ ಕಪಾಟಿನಲ್ಲಿ ಇಟ್ಟೆ.